ಜ್ವರ ಇಳಿದ ದಿನ

ನಾನು ಪ್ರಯೋಗಾಲಯ ತಂತ್ರಜ್ಞೆಯಾಗಿದ್ದವಳು. ಹುಬ್ಬಳ್ಳಿಯ ಒಂದು ಸರಕಾರಿ ಆರೋಗ್ಯ ಕೇಂದ್ರದಲ್ಲಿ, ಅದರ ಸುತ್ತಲಿನ ಓಣಿಗಳಲ್ಲಿ ಜನರ ರಕ್ತ ತೆಗೆದು ನೋಡುತ್ತ ನೌಕರಿ ಮುಗಿಸಿದೆ. ಈಗ ಧಾರವಾಡದಲ್ಲಿದ್ದೇನೆ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಲ್ಯಾಬ್ ಕೋರ್ಸು ಕಲಿಯುವ ಮೂವರು ಹುಡುಗಿಯರು ಬಾಡಿಗೆಗಿದ್ದಾರೆ. ಸಂಜೆ ಕೆಳಗಿಳಿದು ಬಂದು, ಚಹಾ ಕುಡಿಯುತ್ತ, ಪರೀಕ್ಷೆಗೆ ಬರಬಹುದಾದ ಪ್ರಶ್ನೆ ಕೇಳುತ್ತಾರೆ. ಹೋದ ತಿಂಗಳು ಅವರಲ್ಲೊಬ್ಬಳು ಪುಸ್ತಕ ಮುಚ್ಚಿಟ್ಟು ಬೇರೆಯೇ ಪ್ರಶ್ನೆ ಕೇಳಿದಳು.

"ಆಂಟಿ, ನೀವು ಎಂದರ ತಪ್ಪು ರಿಪೋರ್ಟ್ ಕೊಟ್ಟೀರೇನ್ರಿ?"

"ರಿಪೋರ್ಟು ಸರೀನ ಇತ್ತವಾ. ನಾ ಆಡಿದ ಮಾತು ತಪ್ಪಾತು," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಬಾಯಿಂದ ಹೇಳಲು ಹೋದರೆ ನನಗೂ ಹಿಂದುಮುಂದಾಗುತ್ತದೆ. ಅದಕ್ಕೇ ಬರೆಯಲು ಕೂತೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಕೊಡಬಹುದಾದದ್ದು ಇಷ್ಟೇ.

ನಾನು ಸೇರಿದಾಗ ನಮ್ಮ ಕೆಲಸವೆಂದರೆ ಹೆಚ್ಚಿನದು ಮಲೇರಿಯಾ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಒಣಗಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕೆಲಸ ಕಲಿಸಿದವರು ಹಿರಿಯ ತಂತ್ರಜ್ಞ ಅಂಗಡಿ ಸರ್. ಅವರದು ಒಂದೇ ಪಾಠ: "ರಕ್ತಾ ಆಮ್ಯಾಲ ನೋಡು, ಮೊದಲ ಮಾರಿ ನೋಡು." ಮಾರಿ ಎಂದರೆ ಮುಖ. ಎದುರಿಗೆ ಕೂತವರ ಮುಖ ನೋಡದೆ ಬೆರಳು ಹಿಡಿದರೆ ಅವರು ನನ್ನ ಕೈಗೇ ಹೊಡೆಯುತ್ತಿದ್ದರು. ಇವರಿಗೆ ನನ್ನ ಕೈಚಳಕದ ಮೇಲೆ ನಂಬಿಕೆ ಇಲ್ಲವೆಂದು ಆಗ ಸಿಟ್ಟು ಬರುತ್ತಿತ್ತು. ಅವರು ಕಲಿಸುತ್ತಿದ್ದದ್ದು ಬೇರೆಯೇ ಎಂದು ತಿಳಿಯುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು.

ಮಲೇರಿಯಾದಲ್ಲಿ ಒಂದು ಸಮಾಧಾನವಿತ್ತು. ರೋಗದ ಕ್ರಿಮಿ ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ಬಂದ ಜ್ವರಗಳದು ಹಾಗಲ್ಲ. ವೈರಸ್ ಯಾವ ಸೂಕ್ಷ್ಮದರ್ಶಕಕ್ಕೂ, ಅಂದರೆ ನಮ್ಮ ಮೇಜಿನ ಮೇಲಿದ್ದ ಯಾವುದಕ್ಕೂ, ಕಾಣುವಂಥದ್ದಲ್ಲ. ಅದು ರಕ್ತದಲ್ಲಿ ಬಿಟ್ಟುಹೋದ ಗುರುತನ್ನು ಹುಡುಕಬೇಕು. ಆ ಗುರುತು ಸಿಗಲಿಕ್ಕೂ ದಿನ ಇದೆ, ಸಿಗದಿರಲಿಕ್ಕೂ ದಿನ ಇದೆ.

ಮೊದಲು ಬಂದದ್ದು ಚಿಕುನ್‌ಗುನ್ಯಾ. ಒಂದು ವಾರದೊಳಗೆ ಹಳೇ ಹುಬ್ಬಳ್ಳಿಯ ಕಡೆ ಓಣಿಗೆ ಓಣಿಯೇ ಬಾಗಿ ನಡೆಯತೊಡಗಿತು. ನಿನ್ನೆ ಮೂಟೆ ಹೊತ್ತವನು ಇಂದು ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದ. ಕೀಲುಕೀಲಿನಲ್ಲಿ ನೋವು. ನಾನು ಕೇಂದ್ರದ ಹೊರಗಿನ ಕರಿಹಲಗೆಯ ಮೇಲೆ ರೋಗದ ಹೆಸರು, ಮುನ್ನೆಚ್ಚರಿಕೆ ಎಲ್ಲ ದುಂಡಗಿನ ಅಕ್ಷರದಲ್ಲಿ ಬರೆದೆ. ಜನ ಓದಿದ್ದು 'ಚಿಕನ್ ಗುನ್ಯಾ' ಎಂದು. ಕೋಳಿ ತಿಂದರೆ ಬರುವ ರೋಗವೆಂದು ಸುದ್ದಿ ಹಬ್ಬಿತು. ಮೂರನೆಯ ದಿನ ಖಾದರ್ ಭಾಯ್ ಕೇಂದ್ರಕ್ಕೆ ಬಂದ. ನಮ್ಮ ಕೇಂದ್ರದ ಹಿಂದಿನ ಓಣಿಯಲ್ಲಿ ಅವನದು ಕೋಳಿ ಅಂಗಡಿ. ಓಣಿಯ ಹೆಸರು ಬರೆಯುವುದಿಲ್ಲ, ಅಲ್ಲಿಯವರಿಗೆ ಇಷ್ಟವಾಗಲಿಕ್ಕಿಲ್ಲ.

"ಅಕ್ಕಾರ, ಆ ಹೆಸರು ಬದಲ್ ಮಾಡ್ರಿ. ನನ್ನ ಕೋಳಿ ಏನು ಪಾಪಾ ಮಾಡ್ಯಾವು?"

"ಹೆಸರು ನಾ ಇಟ್ಟಿಲ್ಲ ಖಾದರ್ ಭಾಯ್. ಅದಕ್ಕೂ ಕೋಳಿಗೂ ಸಂಬಂಧ ಇಲ್ಲ. ಸೊಳ್ಳಿ ಕಡದ್ರ ಬರತೈತಿ."

"ಅದನ್ನ ನನಗ ಹೇಳಿದ್ರ ಏನು ಬಂತ್ರಿ? ನನ್ನ ಅಂಗಡಿ ಮುಂದ ನಿಂತು ಹೇಳ್ರಿ."

ಹೋಗಿ ನಿಂತೆ. ರವಿವಾರ ಮುಂಜಾನೆ, ಹುಟ್ಟಿದಾಗಿನಿಂದ ಕೋಳಿಯ ವಾಸನೆಗೇ ಮೂಗು ಮುಚ್ಚುವ ನಾನು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಂಜರಗಳ ಪಕ್ಕ ನಿಂತು, "ಕೋಳಿ ತಿನ್ರಿ, ಏನೂ ಆಗಂಗಿಲ್ಲ" ಎಂದು ಎರಡು ತಾಸು ಹೇಳಿದೆ. ಒಬ್ಬ ಮುದುಕ, "ನೀವು ತಿಂತೀರೇನವಾ?" ಎಂದ. "ಇಲ್ರಿ," ಎಂದೆ. "ಮತ್ತ?" ಎಂದು ನಕ್ಕು ಹೊರಟುಹೋದ. ಖಾದರ್ ಭಾಯ್ ಬಿದ್ದು ಬಿದ್ದು ನಕ್ಕ. ಮುಂದಿನ ವಾರ ಅವನಿಗೇ ಜ್ವರ ಬಂತು, ಕೋಳಿ ಕೊಯ್ಯುವ ಚೂರಿ ಹಿಡಿಯಲಾರದಷ್ಟು ಬೆರಳು ಬಿಗಿದವು. ರಕ್ತ ತೆಗೆಯಲು ಅವನ ಮನೆಗೆ ಹೋದೆ. ಹೆಂಡತಿ ಮುಮ್ತಾಜ್ ಚಹಾ ಕೊಟ್ಟಳು. ಆ ದಿನದಿಂದ ಆ ಮನೆ ನನಗೆ ಬೇರೆಯವರ ಮನೆ ಎನಿಸಲಿಲ್ಲ. ಅವರ ಒಬ್ಬಳೇ ಮಗಳು ಶಬಾನಾ ಆಗ ಇನ್ನೂ ಶಾಲೆಗೆ ಹೋಗುತ್ತಿದ್ದಳು.

ಡೆಂಗಿ ಬಲವಾಗಿ ಬಂದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಅಷ್ಟರಲ್ಲಿ ಕಾರ್ಡು ಬಂದಿತ್ತು. ಈಗಿನ ಹುಡುಗರಿಗೆ ಅದು ಹೊಸತಲ್ಲ. ಸಣ್ಣ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ರಕ್ತದ ತಿಳಿ ಹನಿಸಿದರೆ ಸ್ವಲ್ಪ ಹೊತ್ತಿನಲ್ಲಿ ಗೆರೆ ಮೂಡುತ್ತದೆ. ಎರಡು ಗೆರೆ ಎಂದರೆ ಡೆಂಗಿ, ಒಂದೇ ಎಂದರೆ ಇಲ್ಲ. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕತ್ತು ನೋಯಿಸಿಕೊಂಡವರಿಗೆ ಅದು ಹಬ್ಬವೆನಿಸಿತು. ಆದರೆ ಆಗ ನಮಗೆ ಕೊಟ್ಟಿದ್ದ ಕಾರ್ಡು ವೈರಸ್ಸಿನದೇ ಒಂದು ತುಣುಕನ್ನು ಹುಡುಕುವಂಥದ್ದು. ಜ್ವರದ ಮೊದಲ ನಾಲ್ಕೈದು ದಿನ ಅದನ್ನು ನೆಚ್ಚಬಹುದು, ಆಮೇಲೆ ಆ ತುಣುಕು ರಕ್ತದಿಂದ ಜಾರಿಹೋಗುತ್ತದೆ. ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದರು. ನಾನು ಬರೆದುಕೊಂಡಿದ್ದೆ. ಉಳಿದವರಿಗೆ ನಾನೇ ಹೇಳಿಕೊಟ್ಟೂ ಇದ್ದೆ.

ಅದೊಂದು ಸೋಮವಾರ. ರವಿವಾರದ ರಜೆ ಮುಗಿದ ಮಾರನೆಯ ದಿನ ಕೇಂದ್ರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವೈದ್ಯಾಧಿಕಾರಿ ಅನಸೂಯಾ ಮೇಡಂ ಮೀಟಿಂಗಿಗೆಂದು ಧಾರವಾಡಕ್ಕೆ ಹೋಗಿದ್ದರು. ಮುಮ್ತಾಜ್ ಶಬಾನಾಳನ್ನು ಕರೆದುಕೊಂಡು ಬಂದಳು. ಹುಡುಗಿ ಈಗ ಡಿಗ್ರಿ ಓದುತ್ತಿದ್ದಳು, ದುರ್ಗದಬೈಲಿನ ಒಂದು ಅರಿವೆ ಅಂಗಡಿಯ ಗಿರಾಕಿಗಳಿಗೆ ಮನೆಯಲ್ಲೇ ಬ್ಲೌಸು ಹೊಲಿದು ಕೊಡುತ್ತಿದ್ದಳು.

"ಆರು ದಿನಾ ಆತ್ರಿ ಜ್ವರಾ ಹಿಡದು. ಇವತ್ತು ಇಳದೈತಿ," ಎಂದಳು ಮುಮ್ತಾಜ್. "ಆದ್ರೂ ಓಣ್ಯಾಗ ಇಬ್ಬರಿಗೆ ಡೆಂಗಿ ಅಂದಾರ. ಒಮ್ಮೆ ನೋಡಿಬಿಡ್ರಿ, ಜೀವಕ್ಕ ಸಮಾಧಾನ."

ರಿಜಿಸ್ಟರಿನಲ್ಲಿ 'ಜ್ವರದ ದಿನ' ಎಂಬ ಅಂಕಣದಲ್ಲಿ ನನ್ನ ಕೈಯಿಂದಲೇ ೬ ಎಂದು ಬರೆದೆ. ರಕ್ತ ತೆಗೆದೆ. ಶಬಾನಾಳ ಮುಖ ನೋಡಿದೆನೋ ಇಲ್ಲವೋ ಈಗ ನೆನಪಾಗುವುದಿಲ್ಲ. ನೆನಪಾಗುವುದಿಲ್ಲವೆಂದರೆ ನೋಡಿರಲಿಲ್ಲ ಎಂದೇ ಲೆಕ್ಕ. ಕಾರ್ಡಿನಲ್ಲಿ ಒಂದೇ ಗೆರೆ ಬಂತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿಮಗಳಿಗೆ ಕಿಟಕಿಯಿಂದಲೇ ಕೂಗಿ ಹೇಳಿದೆ:

"ಏನೂ ಇಲ್ಲ ಮುಮ್ತಾಜ್, ನೆಗೆಟಿವ್ ಐತಿ. ಆರಾಮ ಮನಿಗೆ ಹೋಗ್ರಿ."

ಪ್ರೀತಿಯಿಂದ ಹೇಳಿದ ಮಾತು ಅದು. ನನ್ನ ಜನಕ್ಕೆ ಒಳ್ಳೆಯ ಸುದ್ದಿ ಹೇಳುವ ಖುಷಿಯಲ್ಲಿ ಹೇಳಿದೆ.

ಮಧ್ಯಾಹ್ನ ಮೂರರ ಮೇಲೆ ಗದ್ದಲ ಕಡಿಮೆಯಾಯಿತು. ದಿನದ ವರದಿ ಬರೆಯಲು ರಿಜಿಸ್ಟರಿನ ಸಾಲುಗಳ ಮೇಲೆ ಬೆರಳಾಡಿಸುತ್ತ ಕೆಳಗಿಳಿದೆ. ಎರಡು, ಮೂರು, ಎರಡು, ನಾಲ್ಕು, ಆರು. ಬೆರಳು ಅಲ್ಲೇ ನಿಂತಿತು. ಆರನೆಯ ದಿನದ ರಕ್ತಕ್ಕೆ ಆ ಕಾರ್ಡು ಹಾಕಿ 'ಏನೂ ಇಲ್ಲ' ಎಂದು ಹೇಳಿಬಿಟ್ಟಿದ್ದೆ. ಅದೂ ಜ್ವರ ಇಳಿದ ದಿನ. ಡೆಂಗಿಯಲ್ಲಿ ಜ್ವರ ಏರಿದಾಗ ಇರುವ ಹೆದರಿಕೆಗಿಂತ ಅದು ಇಳಿದ ಮೇಲಿನ ಒಂದೆರಡು ದಿನದ ಹೆದರಿಕೆ ದೊಡ್ಡದು. ಕೆಲವರಿಗೆ ಆಗಲೇ ರಕ್ತನಾಳದಿಂದ ನೀರಿನಂಶ ಸೋರತೊಡಗುತ್ತದೆ, ನಾಡಿ ಕುಸಿಯುತ್ತದೆ. ಮೈ ಮುಟ್ಟಿದವರಿಗೆ ಮಾತ್ರ ತಣ್ಣಗೆ, ಹಾಯೆನಿಸುತ್ತದೆ.

ಕೋಟು ಸಹ ಬಿಚ್ಚದೆ ಓಣಿಗೆ ಹೋದೆ. ನಡೆದೆನೋ ಓಡಿದೆನೋ ತಿಳಿಯದು. ಶಬಾನಾ ಒಳಗಿನ ಖೋಲಿಯಲ್ಲಿ ಚಾಪೆಯ ಮೇಲೆ ಮಗ್ಗುಲು ಬದಲಿಸುತ್ತ ಬಿದ್ದುಕೊಂಡಿದ್ದಳು.

"ಮಲಗಲಿ ಅಂತ ಬಿಟ್ಟೇನ್ರಿ. ಮೈ ತಣ್ಣಗಾಗೇತಿ ನೋಡ್ರಿ," ಎಂದಳು ಮುಮ್ತಾಜ್, ನಗುಮುಖದಿಂದ. "ಎರಡು ಸಲ ವಾಂತಿ ಆತು. ಪಿತ್ತ ಇರಬೇಕು. ಹೊಟ್ಟಿ ನೋಯ್ತೈತಿ ಅಂತಾಳ."

ಕೈ ಹಿಡಿದೆ. ನೀರಿನಲ್ಲಿ ಅದ್ದಿ ತೆಗೆದ ಹಾಗೆ ತಣ್ಣಗೆ, ಬೆವರು. ಉಗುರು ಒತ್ತಿ ಬಿಟ್ಟರೆ ಬಿಳಿ ಹಾಗೇ ನಿಂತಿತು, ಕೆಂಪು ತಿರುಗಿ ಬರಲು ತಡವಾಯಿತು. "ಖಾದರ್ ಭಾಯ್ ಎಲ್ಲಿ? ಗಾಡಿ ತರಸು, ಲಗೂ," ಎಂದೆ. ಅವನದು ಕೋಳಿ ತರುವ ಮೂರು ಗಾಲಿಯ ಗಾಡಿ. ಹಿಂದೆ ಪುಕ್ಕಗಳು ಇನ್ನೂ ಹಾರಾಡುತ್ತಿದ್ದವು. ಅದರಲ್ಲೇ ಶಬಾನಾಳನ್ನು ತಾಯಿಯ ತೊಡೆಯ ಮೇಲೆ ಮಲಗಿಸಿ ದೊಡ್ಡ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಾನು ಅವಳ ಮಣಿಕಟ್ಟು ಬಿಡಲಿಲ್ಲ. ನಾಡಿ ದಾರದಂತೆ ಸಣ್ಣಗೆ ಹರಿಯುತ್ತಿತ್ತು. ಆಸ್ಪತ್ರೆಯವರು ತಡಮಾಡದೆ ಎರಡೂ ಕೈಗೆ ಸಲೈನ್ ಹಚ್ಚಿದರು. "ಇನ್ನೊಂದೆರಡು ತಾಸು ತಡಾ ಆಗಿದ್ರ ಕಷ್ಟ ಇತ್ತು," ಎಂದರು ಅಲ್ಲಿಯ ಡಾಕ್ಟರು. ಆ ಎರಡು ತಾಸು ನನ್ನ ಎದೆಯಿಂದ ಇಂದಿಗೂ ಇಳಿದಿಲ್ಲ.

ಶಬಾನಾ ಉಳಿದಳು. ಮೂರನೆಯ ದಿನ ಎದ್ದು ಕೂತು ಗಂಜಿ ಕುಡಿದಳು.

ನಮ್ಮ ಕೇಂದ್ರದ ಔಷಧ ಕೊಡುವ ಸಹೋದ್ಯೋಗಿ ನನಗೆ ಸಮಾಧಾನ ಹೇಳಿದ. "ಸುಮ್ನ ಇದ್ದುಬಿಡ್ರಿ ಗಿರಿಜಕ್ಕಾ. ಕಾರ್ಡ್ ನೆಗೆಟಿವ್ ಇತ್ತು, ನೆಗೆಟಿವ್ ಅಂತ ಬರದೀರಿ. ಕಾಗದದ ಮ್ಯಾಲ ನಿಮ್ಮ ತಪ್ಪು ಎಲ್ಲೈತಿ?"

ಅನಸೂಯಾ ಮೇಡಂ ಹಾಗೆ ಬಿಡಲಿಲ್ಲ. ಧಾರವಾಡದವರು, ಮೆತ್ತಗೆ ಮಾತಾಡುವವರು, ಆದರೆ ಅವರ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ.

"ಗಿರಿಜಾ, ಆ ಕಾರ್ಡ್ ಏನು ಹೇಳಿತು?"

"ನೆಗೆಟಿವ್ ಅಂತ್ರಿ."

"ಅಂದ್ರ ರೋಗ ಇಲ್ಲ ಅಂತೇನು?"

"ಅಲ್ರಿ. ಈ ರಕ್ತದಾಗ, ಈ ದಿನಾ, ಅದು ಸಿಗಲಿಲ್ಲ ಅಂತ."

"ಹಂಗಿದ್ರ ಅಷ್ಟ ಹೇಳಬೇಕಿತ್ತು. 'ಏನೂ ಇಲ್ಲ' ಅನ್ನೋ ಮಾತು ಡಾಕ್ಟರ್ ಸೈತ ಹತ್ತು ಸಲ ವಿಚಾರ ಮಾಡಿ ಆಡಬೇಕು." ಮತ್ತೆ ಕೇಳಿದರು. "ಅವರಿಗೆ ಹೇಳಿದಿರೇನು?"

ಹೇಳಿರಲಿಲ್ಲ. ಅವತ್ತೇ ಆಸ್ಪತ್ರೆಗೆ ಹೋದೆ. ಖಾದರ್ ಭಾಯ್ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡದ್ದೇ ಎದ್ದು ನಿಂತು ಎರಡೂ ಕೈ ಮುಗಿದ.

"ನೀವು ಓಡಿ ಬಂದ್ರಿ ಅಂತ ನನ್ನ ಮಗಳು ಉಳದಾಳ್ರಿ ಅಕ್ಕಾರ. ಓಣಿ ತುಂಬ ಇದ್ನ ಹೇಳ್ಕೋತ ಬಂದೇನಿ ನಾ."

ಆಗ ಸುಮ್ಮನಿದ್ದುಬಿಡಬಹುದಿತ್ತು. ನಿಜ ಹೇಳಬೇಕೆಂದರೆ ಸುಮ್ಮನಿರುವ ಆಸೆಯೂ ಆಯಿತು. ಕಟ್ಟೆಯ ಮೇಲೆ ಕೂತು ಹೇಳಿದೆ. ಯಾವ ದಿನದ ರಕ್ತ, ಯಾವ ಕಾರ್ಡು, ನನಗೆ ಏನು ಗೊತ್ತಿತ್ತು, ನಾನು ಏನು ಮರೆತೆ, ಕಿಟಕಿಯಿಂದ ಏನು ಕೂಗಿದೆ. ಮುಂಜಾನೆಯೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕಿತ್ತು, ಕಳಿಸಲಿಲ್ಲ ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ ಕೇಳಿದ.

"ನೀವು ಹೋಗ್ರಿ ಅಕ್ಕಾರ," ಎಂದ ಕೊನೆಗೆ. ದನಿ ಏರಿಸಲಿಲ್ಲ. ಏರಿಸಿದ್ದರೆ ತಡೆದುಕೊಳ್ಳಬಹುದಿತ್ತು.

ಅದರ ಮೇಲೆ ಆ ಓಣಿ ನನಗೆ ಮುಚ್ಚಿಹೋಯಿತು. ಯಾರೂ ಬೈಯಲಿಲ್ಲ. ಚೀಲ ಹೆಗಲಿಗೇರಿಸಿ ಹೋದರೆ, "ನಮ್ಮ ಮನ್ಯಾಗ ಎಲ್ಲಾರೂ ಅರಾಮ ಅದಾರ್ರಿ" ಎಂದು ಹೊಸ್ತಿಲಲ್ಲೇ ಮಾತು ಮುಗಿಸುತ್ತಿದ್ದರು. ಖಾದರ್ ಭಾಯ್ ಅಂಗಡಿಯ ಮುಂದೆ ಹಾಯ್ದರೆ ತಲೆ ಎತ್ತುತ್ತಿರಲಿಲ್ಲ. ಬೇರೆ ಕಡೆ ವರ್ಗ ಕೇಳೋಣವೆಂದು ಅರ್ಜಿ ಬರೆದೆ. ಮೇಡಂ ಅದನ್ನು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. "ತಪ್ಪು ಮಾಡಿದ ಜಾಗಾದಾಗ ಇದ್ದು ಕೆಲಸ ಮಾಡ್ರಿ. ಬ್ಯಾರೆ ಕಡೆ ಹೋದ್ರ ಮತ್ತ ಮೊದಲಿಂದ ತಪ್ಪು ಮಾಡಬೇಕಾಗ್ತದ," ಎಂದರು. ನಗೆ ಬಂತು, ಕಣ್ಣೀರೂ ಬಂತು.

ಮುಂದಿನ ಮಳೆಗಾಲಕ್ಕೆ ಮೊದಲು ಮೇಡಂ ಒಂದು ವಿಚಾರ ತೆಗೆದರು. ಅವರು ಸಣ್ಣ ವಯಸ್ಸಿನಲ್ಲಿ ಕೆಲವು ಕಾಲ ಸಮುದ್ರದ ನಡುವಿನ ದ್ವೀಪಗಳಲ್ಲಿ ಕೆಲಸ ಮಾಡಿ ಬಂದವರು. ಅಲ್ಲಿ ಜ್ವರ ಬಾರದವರ ರಕ್ತವನ್ನೂ ಪರೀಕ್ಷೆ ಮಾಡಿದ್ದರಂತೆ.

"ದ್ವೀಪ ಅಂದ್ರ ಏನು ಗಿರಿಜಾ? ನಾಲ್ಕು ಊರು, ಅವೇ ಮಂದಿ, ಅವೇ ನೀರಿನ ಪೀಪಾಯಿ, ಅವೇ ಸೊಳ್ಳಿ. ಹಡಗಿನ್ಯಾಗ ಒಬ್ಬಂವ ಜ್ವರಾ ತಂದ್ರ ಸಾಕು. ನಾವು ರಕ್ತಾ ನೋಡಿದಾಗ, ನನಗ ಎಂದೂ ಜ್ವರಾನ ಬಂದಿಲ್ಲ ಅಂತಿದ್ದವರ ರಕ್ತದಾಗೂ ಗುರುತು ಸಿಕ್ಕಿತು. ರೋಗ ಬಂದು ಹೋಗಿತ್ತು, ಅವರಿಗೆ ಗೊತ್ತ ಆಗಿದ್ದಿಲ್ಲ."

"ಬಂದು ಹೋಗಿದ್ರ ಛಲೋನ ಆತಲ್ರಿ?"

"ಅದ ತರದ ಡೆಂಗಿಗೆ ಛಲೋ. ಆದ್ರ ಡೆಂಗಿ ನಾಲ್ಕು ತರದ್ದು. ಎರಡನೇ ಸಲ ಬ್ಯಾರೆ ತರದ್ದು ಬಂದ್ರ ಕೆಲವರಿಗೆ ಭಾಳ ಜೋರ ಆಗ್ತದ. ಅದಕ್ಕ, ಯಾರಿಗೆ ಒಮ್ಮೆ ಬಂದು ಹೋಗೇದ ಅನ್ನೋದು ಗೊತ್ತಿದ್ರ ಆ ಓಣಿ ಎಚ್ಚರ ಇರತದ. ನಿಮ್ಮ ಓಣಿಯಿಂದ ಶುರು ಮಾಡೂಣು."

ನನ್ನ ಓಣಿ ಎಂದರೆ ಖಾದರ್ ಭಾಯ್‌ನ ಓಣಿ! ಮೇಡಂ ಬೇಕೆಂದೇ ಆರಿಸಿದ್ದರೆಂದು ಈಗ ಅನಿಸುತ್ತದೆ. ಮೊದಲ ದಿನ ಹತ್ತು ಮನೆ ಹತ್ತಿಳಿದೆ. ಒಂದು ನಳಿಗೆ ರಕ್ತವೂ ಸಿಗಲಿಲ್ಲ. "ಜಡ್ಡಾದವರ ರಕ್ತಾ ತಗೀರಿ, ಅರಾಮ ಇದ್ದವರದು ಯಾಕ ಬೇಕ್ರಿ?" ಎಂದರು. ಅದು ನ್ಯಾಯವಾದ ಪ್ರಶ್ನೆಯೇ. ಎರಡನೆಯ ದಿನ ನೆಟ್ಟಗೆ ಕೋಳಿ ಅಂಗಡಿಗೆ ಹೋದೆ, ಜೊತೆಗೆ ಮೇಡಂ ಇದ್ದರು. ಖಾದರ್ ಭಾಯ್ ಕೈ ತೊಳೆದುಕೊಂಡು ಹೊರಗೆ ಬಂದ. ನಾನು ವಿಷಯ ಹೇಳಿದೆ. ಕೇಳುತ್ತಿದ್ದ ಹಾಗೆ ಓಣಿಯ ಏಳೆಂಟು ಜನ ಸುತ್ತ ನೆರೆದರು.

"ಈ ರಕ್ತದಿಂದ ನಮಗೇನು ಗೊತ್ತಾಗತೈತಿ?" ಎಂದ.

"ನಿಮಗ ಹಿಂದ ಡೆಂಗಿ ಬಂದು ಹೋಗೇತೋ ಇಲ್ಲೋ ಅಂತ. ಮುಂದ ಬರತೈತೋ ಇಲ್ಲೋ ಅನ್ನೂದು ಗೊತ್ತಾಗಂಗಿಲ್ಲ. ಬಂದ್ರ ಯಾರು ಉಳಿತಾರ ಅನ್ನೂದೂ ಗೊತ್ತಾಗಂಗಿಲ್ಲ. ಅಷ್ಟ."

ಅವನು ನನ್ನನ್ನೇ ನೋಡಿದ. ಈ ಸಲ ನಾನು ಹೆಚ್ಚು ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ. ಅದು ಅವನಿಗೆ ತಿಳಿಯಿತೆಂದು ಕಾಣುತ್ತದೆ.

"ಹಂಗಿದ್ರ ಮೊದಲ ನಿಮ್ಮ ರಕ್ತಾ ತಗೀರಿ. ಇಲ್ಲೇ, ಎಲ್ಲಾರ ಮುಂದ."

ಸ್ಟೂಲಿನ ಮೇಲೆ ಕೂತು ತೋಳು ಚಾಚಿದೆ. ಸೂಜಿ ಹಿಡಿದವರು ಮೇಡಂ. ಎಷ್ಟೋ ವರ್ಷಗಳಿಂದ ಅವರು ತಾವೇ ರಕ್ತ ತೆಗೆದಿರಲಿಲ್ಲ. ಮೊದಲ ಸಲ ನರ ತಪ್ಪಿತು. ಎರಡನೆಯ ಸಲವೂ ತಪ್ಪಿತು. ನಾನು ಹಲ್ಲು ಕಚ್ಚಿದೆ. ಮೂರನೆಯದಕ್ಕೆ ರಕ್ತ ಬಂದಾಗ ಗುಂಪಿನಲ್ಲಿದ್ದ ಮುದುಕಿಯೊಬ್ಬಳು, "ಡಾಕ್ಟರ್‌ಬಾಯಿ, ನಮಗ ನೀವು ಬ್ಯಾಡ್ರಿ. ಈ ಅಕ್ಕನ ಕೈಲೆ ತಗಸ್ರಿ!" ಎಂದಳು. ಓಣಿಗೆ ಓಣಿಯೇ ನಕ್ಕಿತು. ಮೇಡಂ ಕೂಡ ನಕ್ಕರು. ಆ ನಗೆಯ ನಡುವೆ ಮನೆಯೊಳಗಿಂದ ಶಬಾನಾ ಬಂದು, ಯಾರನ್ನೂ ಕೇಳದೆ, ನಾನು ಎದ್ದ ಸ್ಟೂಲಿನ ಮೇಲೆ ಕೂತು ತೋಳೇರಿಸಿದಳು.

"ನನ್ನದು ತಗೀರಿ ಆಂಟಿ."

ಅವಳ ಮುಖ ನೋಡಿದೆ. ಚೆನ್ನಾಗಿ ನೋಡಿದೆ. ಆಮೇಲೆ ಸೂಜಿ ಹಿಡಿದೆ. ಅವಳ ಹಿಂದೆ ಅವಳಪ್ಪ ನಿಂತ, ಅವನ ಹಿಂದೆ ಉಳಿದವರು.

ಫಲಿತಾಂಶ ಬಂದಾಗ ಮೇಡಂ ಒಬ್ಬೊಬ್ಬರನ್ನೇ ಕರೆದು ಅವರವರದನ್ನು ಅವರವರಿಗೆ ಹೇಳಿದರು. ಬಹಳ ಜನರಲ್ಲಿ ಗುರುತಿತ್ತು. ಜ್ವರ ಬಂದ ನೆನಪೇ ಇಲ್ಲದವರಲ್ಲೂ ಇತ್ತು. ನನ್ನ ರಕ್ತದಲ್ಲೂ ಇತ್ತು. ಯಾವಾಗ ಕಚ್ಚಿತು, ಎಲ್ಲಿ ಕಚ್ಚಿತು? ಯಾರಿಗೆ ಗೊತ್ತು. ಆ ಓಣಿಯ ಅಂಗಳದಲ್ಲೇ ಇರಬಹುದು, ನಮ್ಮ ಲ್ಯಾಬಿನ ಕಿಟಕಿಯ ಕೆಳಗೇ ಇರಬಹುದು. ಡೆಂಗಿಯ ಸೊಳ್ಳೆ ಹಗಲು ಹೊತ್ತು ಕಚ್ಚುವಂಥದ್ದು, ನಾನು ಹಗಲೆಲ್ಲ ಅಲ್ಲೇ ಇದ್ದವಳು. ಇದನ್ನು ಖಾದರ್ ಭಾಯ್‌ಗೆ ನಾನೇ ಹೇಳಿದೆ. "ಅಂದ್ರ ನೀವೂ ನಮ್ಮ ಓಣಿಯವರ ಆದ್ರಿ," ಎಂದ. ವರ್ಷದ ಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಹಗುರ ಮಾತು ಅದು.

ಮುಂದೇನು ಮಾಡುವುದೆಂಬ ಮಾತು ಬಂದಾಗ ನಮಗೆ ಪಾಠ ಹೇಳಿದವಳು ಮುಮ್ತಾಜ್. ಆ ಹಿಂದೆ ನಮ್ಮ ಇಲಾಖೆಯ ಪದ್ಧತಿ ಒಂದೇ ಆಗಿತ್ತು. ಮನೆಮನೆಗೆ ಹೋಗಿ, ಸೊಳ್ಳೆಯ ಹುಳ ಕಂಡ ಬ್ಯಾರಲ್ ಬೋರಲು ಹಾಕಿ, ನೀರು ಚೆಲ್ಲಿ ಬರುವುದು. ಅದಕ್ಕಾಗಿ ನಾವು ಹೋದಲ್ಲೆಲ್ಲ ಜಗಳ.

"ನಮಗ ನಳಾ ಬರೂದು ಎಂಟು ದಿನಕ್ಕೊಮ್ಮೆ. ನೀವು ಚೆಲ್ಲಿ ಹೋಗ್ತೀರಿ. ಎಂಟು ದಿನಾ ನಾವು ಏನು ಕುಡೀಬೇಕ್ರಿ?" ಎಂದಳು ಮುಮ್ತಾಜ್.

ಮೇಡಂ ಪೆನ್ನು ಕೆಳಗಿಟ್ಟರು. ಸೊಳ್ಳೆಯ ತತ್ತಿ ಹುಳವಾಗಿ, ಹುಳ ರೆಕ್ಕೆ ಬಂದು ಹಾರಲು ಬೇಕಾದದ್ದೂ ಹೆಚ್ಚು ಕಡಿಮೆ ಅಷ್ಟೇ ದಿನ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ನಳದ ಪಾಳಿಯ ಪಕ್ಕ ಇಟ್ಟು ನೋಡಿರಲಿಲ್ಲ. ಚೆಲ್ಲುವುದು ಬೇಡ, ಮುಚ್ಚುವುದು ಹೇಗೆ ಎಂದು ಕೇಳಿದೆವು. ಬ್ಯಾರಲ್ಲುಗಳ ಮುಚ್ಚಳ ಎಂದೋ ಒಡೆದಿದ್ದವು. ಹಳೆಯ ಹತ್ತಿಯ ಸೀರೆ, ಓಢಣಿ ಎರಡು ಪದರು ಮಾಡಿ ಬಾಯಿಗೆ ಕಟ್ಟಿದರೆ ಸೊಳ್ಳೆ ಒಳಗೆ ಹೋಗದು ಎಂದಳು ಮುಮ್ತಾಜ್. ಹಗ್ಗದಿಂದ ಕಟ್ಟಿದರೆ ಸಡಿಲಾಗುತ್ತಿತ್ತು. ಓಣಿಯ ಮೂಲೆಯ ಸೈಕಲ್ ರಿಪೇರಿಯವನು ಹಳೆಯ ಟ್ಯೂಬನ್ನು ಉದ್ದುದ್ದ ಪಟ್ಟಿ ಸೀಳಿ ಕೊಟ್ಟ. ಅದು ಬಿಗಿಯಾಗಿ ಕೂತಿತು. ಶಬಾನಾ ತನ್ನ ಹೊಲಿಗೆಯ ಮಶಿನ್ ಹಿಡಿದು ಕೂತಳು, ಓಣಿಗೆಲ್ಲ ಬೇಕಾಗುವಷ್ಟು ಬಟ್ಟೆಗೆ ಅಂಚು ಹೊಲಿದಳು. ನಳ ಬರುವ ದಿನ ಬ್ಯಾರಲ್ಲಿನ ಒಳಗೋಡೆ ತಿಕ್ಕಿ ತೊಳೆದು ತುಂಬುವುದು, ತುಂಬಿದ ಕೂಡಲೇ ಬಟ್ಟೆ ಕಟ್ಟುವುದು.

ಇನ್ನೊಂದು ಕೆಲಸ ನನ್ನದು. ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದೆ. ಜ್ವರ ಬಂದ ದಿನ ಕ್ಯಾಲೆಂಡರಿನಲ್ಲಿ ಗೆರೆ ಹೊಡೆಯಿರಿ, ದಿನ ಎಣಿಸಿರಿ, ಜ್ವರ ಇಳಿದ ದಿನ ಹೆಚ್ಚು ಎಚ್ಚರವಿರಿ. ಹೊಟ್ಟೆನೋವು, ವಾಂತಿ, ತಣ್ಣನೆಯ ಕೈಕಾಲು, ವಸಡಿನಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಕುಳಿತಲ್ಲಿಂದ ಎದ್ದು ಆಸ್ಪತ್ರೆಗೆ ಬನ್ನಿರಿ. ಹೇಳುವಾಗ ಪ್ರತಿ ಮನೆಯಲ್ಲೂ ನನ್ನ ತಪ್ಪಿನ ಕತೆಯನ್ನೂ ಹೇಳಿದೆ. ಶಬಾನಾ ಒಪ್ಪಿಗೆ ಕೊಟ್ಟಿದ್ದಳು. ಕತೆ ಇಲ್ಲದೆ ಹೇಳಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ.

ಆ ಮಳೆಗಾಲ ಆ ಓಣಿಯಿಂದ ನಮ್ಮ ಕೇಂದ್ರಕ್ಕೆ ಬಂದ ಜ್ವರದ ರೋಗಿಗಳು ಹಿಂದೆಂದಿಗಿಂತ ಹೆಚ್ಚು. ಮೇಲಿನಿಂದ ಬಂದ ಒಬ್ಬ ಅಧಿಕಾರಿ ರಿಜಿಸ್ಟರ್ ತಿರುವಿ ಹುಬ್ಬು ಗಂಟಿಕ್ಕಿದರು. "ಇದೊಂದ ಓಣ್ಯಾಗ ಇಷ್ಟು ಯಾಕ? ಕೆಲವನ್ನ ಬರೇ 'ಜ್ವರ' ಅಂತ ಬರೀಬಾರದೇನು?" ಎಂದರು. "ಬರೀಬಹುದ್ರಿ," ಎಂದರು ಮೇಡಂ. "ಆದ್ರ ಇವರು ಎರಡನೇ ದಿನಕ್ಕ ಬಂದಾರ, ಆ ಕಡೆ ಓಣಿಯವರು ಏಳನೇ ದಿನಕ್ಕೂ ಬಂದಿಲ್ಲ. ನಾವು ಅಂಜಬೇಕಾದ್ದು ಆ ಕಡೆಯ ಖಾಲಿ ಪುಟಕ್ಕ." ಅಧಿಕಾರಿ ಸಹಿ ಮಾಡಿ ಹೋದರು. ಆ ವರ್ಷ ಆ ಓಣಿಯಲ್ಲಿ ಒಂದು ಜೀವವೂ ಹೋಗಲಿಲ್ಲ. ಒಂದೇ ಓಣಿಯಿಂದ ದೊಡ್ಡ ಮಾತು ಹೇಳಬಾರದೆಂದು ಮೇಡಂ ಎಚ್ಚರಿಸುತ್ತಿದ್ದರು. ನಾನೂ ಹೇಳುವುದಿಲ್ಲ. ಆದರೆ ನಾನು ಕಂಡದ್ದನ್ನು ಕಂಡೆ.

ಆಮೇಲೆ ಕೆಲಸದ ರೀತಿ ಬಹಳ ಬದಲಾಯಿತು. ಹೊಸ ಕಾರ್ಡುಗಳು ಬಂದವು, ಯಂತ್ರಗಳು ಬಂದವು, ಫಲಿತಾಂಶ ಫೋನಿಗೇ ಹೋಗತೊಡಗಿತು. ಈಗ ರೋಗಿಯ ಮುಖ ನೋಡದೆಯೇ ಇಡೀ ದಿನ ಕಳೆಯಬಹುದು. ಕಳೆಯಬೇಡಿ.

ನಿವೃತ್ತಿಗೆ ನಾಲ್ಕೈದು ತಿಂಗಳಿದ್ದಾಗಿನ ಒಂದು ಮಧ್ಯಾಹ್ನದ ಸಂಗತಿ ಹೇಳಿ ಮುಗಿಸುತ್ತೇನೆ. ಮೇಡಂ ವರ್ಗವಾಗಿ ಹೋಗಿದ್ದರು, ಹೊಸದಾಗಿ ಬಂದ ಹುಡುಗ ಡಾಕ್ಟರು ಕೂತಿದ್ದರು. ಒಬ್ಬ ಹೆಣ್ಣುಮಗಳು ಗಂಡನ ರಟ್ಟೆ ಹಿಡಿದು ಎಳೆದುಕೊಂಡೇ ಒಳಗೆ ಬಂದಳು. ಗಟ್ಟಿಮುಟ್ಟಾದ ಆಳು. ನಾಚಿಕೆಯಿಂದ ನಗುತ್ತಿದ್ದ.

"ನನಗೇನೂ ಆಗಿಲ್ರಿ ಸಾಹೇಬ್ರ. ನಾಲ್ಕು ದಿನಾ ಜ್ವರಾ ಇತ್ತು, ಇವತ್ತು ಪೂರಾ ನಿಂತೈತಿ. ಹೊಲದಾಗ ಶೇಂಗಾ ಕಿತ್ತೂದು ಐತಿ. ಇಕಿ ಸುಮ್ನ ಬಸ್ ಹತ್ತಿಸಿ ಕರಕೊಂಡು ಬಂದಾಳ."

ಡಾಕ್ಟರು ನಕ್ಕರು. "ಜ್ವರಾ ನಿಂತ ಮ್ಯಾಲ ಯಾಕ ತಂಗೀ ಕರಕೊಂಡು ಬಂದಿ?"

"ನಿಂತೈತಿ ಅಂತನ ಕರಕೊಂಡು ಬಂದೇನ್ರಿ. ಮುಂಜಾನಿಂದ ಹೊಟ್ಟಿ ಹಿಡಕೊಂಡು ಕುಂತಾನ, ನಿಮ್ಮ ಮುಂದ ಹೇ‍ಳಾಕ ನಾಚತಾನ. ಕೈ ಹಿಡದು ನೋಡ್ರಿ."

ಡಾಕ್ಟರು ಕೈ ಹಿಡಿದರು. ನಾಡಿ ನೋಡಿದರು. ಮುಖದ ಮೇಲಿನ ನಗು ಹೋಯಿತು. ಅವರು ಕೇಳುವ ಮೊದಲೇ ನಾನು ನಳಿಗೆ ಸಿದ್ಧ ಮಾಡಿಕೊಂಡಿದ್ದೆ. ಅರ್ಧ ತಾಸಿನೊಳಗೆ ಅವನು ದೊಡ್ಡ ಆಸ್ಪತ್ರೆಯ ಹಾಸಿಗೆಯ ಮೇಲಿದ್ದ. ಉಳಿದ, ಶೇಂಗಾ ಕೀಳಲೂ ಹೋದ ಎಂದು ಆಮೇಲೆ ತಿಳಿಯಿತು.

ಆಂಬುಲೆನ್ಸ್ ಬರುವ ತನಕ ಆ ಹೆಣ್ಣುಮಗಳ ಜೊತೆ ಬಾಗಿಲಲ್ಲಿ ನಿಂತಿದ್ದೆ. ಯಾವ ಊರೆಂದು ಕೇಳಿದೆ. ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯ ಹೆಸರು ಹೇಳಿದಳು. ನಾನಾಗಲಿ ನಮ್ಮ ಕೇಂದ್ರದವರಾಗಲಿ ಎಂದೂ ಕೆಲಸಕ್ಕೆ ಹೋಗದ ಊರು.

"ಜ್ವರಾ ಇಳದ ದಿನಾ ಎಚ್ಚರ ಇರಬೇಕಂತ ನಿನಗ ಯಾರು ಹೇಳಿದ್ರವಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಇಷ್ಟು ವಯಸ್ಸಾದರೂ ಇವಳಿಗೆ ಇಷ್ಟೂ ತಿಳಿಯದೇ ಎಂಬಂತೆ.

"ಇದನ್ನೇನು ಯಾರರ ಹೇಳಬೇಕೇನ್ರಿ?" ಎಂದಳು. "ಎಲ್ಲಾರಿಗೂ ಗೊತ್ತಿದ್ದದ್ದ ಐತಲ್ಲ."